ಬೊಂತೆ, ಕುಲಾವಿ, ತಾಂಬೂಲದ ಚೀಲ: ಮನೆಯಲ್ಲೇ ಹೊಲಿದು ಕೊಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನ ನಮ್ಮ ಮನೆ ವರಾಂಡದಲ್ಲಿ ಶನಿವಾರ ಮಧ್ಯಾಹ್ನ ಊಟ ಮುಗಿದ ಮೇಲೆ ಏಳೆಂಟು ಜನ ಬಟ್ಟೆ ಹರಡಿಕೊಂಡು ಕೂರುತ್ತೇವೆ. ಒಬ್ಬರು ರಿಟೈರಾದ ಟೀಚರ್. ಇನ್ನೊಬ್ಬರು ಮದ್ದೂರಿನ ಕಡೆ ಗಾರ್ಮೆಂಟ್ಸ್‌ನಲ್ಲಿ ದುಡಿದವರು. ಇಬ್ಬರು ಕಾಲೇಜು ಹುಡುಗಿಯರು. ಮಿಕ್ಕವರು ನನ್ನ ಹಾಗೆ ಮನೆ ನೋಡಿಕೊಳ್ಳುವವರು. ನಮ್ಮತ್ತೆಯೂ ಕೂರುತ್ತಾರೆ, ಆದರೆ ಅವರು ಹೊಲಿಯುವುದಕ್ಕಿಂತ ತಪ್ಪು ಹುಡುಕುವುದೇ ಜಾಸ್ತಿ. ಹೊಸದಾಗಿ ಬಂದವರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಅವೇ. ಅದಕ್ಕೇ ಬರೆದಿಟ್ಟೆ.

ಬೊಂತೆ, ಕೌದಿ, ಕ್ವಿಲ್ಟ್ ಎಲ್ಲ ಒಂದೇನಾ?

ಹತ್ತಿರದ ನೆಂಟರು. ಹಳೇ ಬಟ್ಟೆಗಳನ್ನು ಪದರ ಪದರವಾಗಿ ಹಾಸಿ, ಮೇಲಿಂದ ಕೆಳಗಿನ ತನಕ ದಾರ ಓಡಿಸಿ ಹೊಲಿದರೆ ಅದು ಕೌದಿ. ಮಂಡ್ಯ ಕಡೆಯ ನಮ್ಮ ಅಜ್ಜಿ ಅದನ್ನು ಬೊಂತೆ ಅನ್ನುತ್ತಿದ್ದರು. ಆಲೆಮನೆಯಲ್ಲಿ ರಾತ್ರಿ ಕಾಯುವವರಿಗೆ, ಕಣದಲ್ಲಿ ಮಲಗುವವರಿಗೆ, ಗಾಡಿಯೊಳಗೆ ಹಾಸುವುದಕ್ಕೆ, ಎಲ್ಲದಕ್ಕೂ ಅದೇ ಬೊಂತೆ. ಪೇಟೆಯಲ್ಲಿ ಈಗ ಕ್ವಿಲ್ಟ್ ಅಂತ ಮಾರುವುದರಲ್ಲಿ ಸಾಮಾನ್ಯವಾಗಿ ಮೂರು ಪದರ ಇರುತ್ತದೆ: ಮೇಲೆ ಚಂದದ ಬಟ್ಟೆ, ನಡುವೆ ಹತ್ತಿ ಅಥವಾ ಪಾಲಿಯೆಸ್ಟರ್ ಹಾಳೆ, ಕೆಳಗೆ ಒಂದು ಅಸ್ತರು.

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡು ಕಡೆಯ ಸಿದ್ದಿ ಹೆಂಗಸರ ಕೌದಿ ಬೇರೆ ಥರ. ಅವರು ಚೌಕಗಳನ್ನು ಮೊದಲು ಜೋಡಿಸಿಟ್ಟುಕೊಳ್ಳುವುದಿಲ್ಲ. ಅಂಚಿನಿಂದ ಶುರು ಮಾಡಿ, ಒಂದೊಂದೇ ತುಂಡನ್ನು ಮಡಚಿ ಇಟ್ಟು ಹೊಲಿಯುತ್ತಾ ಸುತ್ತಿ ಸುತ್ತಿ ನಡುಮಧ್ಯಕ್ಕೆ ಬರುತ್ತಾರೆ. ನಾಲ್ಕು ಮೂಲೆಗೂ ಮಡಚಿದ ಪುಟ್ಟ ತುಂಡುಗಳನ್ನು ಹೂವಿನ ಹಾಗೆ ಇಡುತ್ತಾರೆ. ಅಳತೆ ಟೇಪು, ಇಸ್ತ್ರಿ ಯಾವುದೂ ಬೇಡ. ನಾನು ಒಂದು ಸಲ ಹಾಗೆ ಮಾಡಲು ಹೋಗಿ ನಡುವಿನಲ್ಲಿ ಬಟ್ಟೆ ಉಬ್ಬಿಕೊಂಡು ದೋಸೆ ಹಂಚಿನ ಮೇಲಿನ ಹಪ್ಪಳದ ಹಾಗಾಯಿತು. ಕೈಗೆ ಅಭ್ಯಾಸ ಬೇಕು.

ನನಗೆ ಹೊಲಿಗೆ ಮಿಷನ್ ಇಲ್ಲ. ಆಗುತ್ತಾ?

ಖಂಡಿತ ಆಗುತ್ತದೆ. ಬೊಂತೆ ಹುಟ್ಟಿದ್ದೇ ಕೈಯಲ್ಲಿ. ಒಂದು ದಪ್ಪ ಸೂಜಿ, 40ನೇ ನಂಬರಿನ ಕಾಟನ್ ದಾರ, ಬೆರಳಿಗೊಂದು ಅಂಗುಸ್ತಾನ, ಒಳ್ಳೆ ಕತ್ತರಿ ಇದ್ದರೆ ಸಾಕು. ಡಬ್ಬದಲ್ಲಿ ವರ್ಷಗಟ್ಟಲೆ ಬಿದ್ದಿರುವ ದಾರವಾದರೆ ಮೊದಲು ಎರಡು ಕೈಯಲ್ಲಿ ಹಿಡಿದು ಜಗ್ಗಿ ನೋಡಿ. ಪಟ್ ಅಂತ ಕಿತ್ತುಬಂದರೆ ಅದನ್ನು ಹೂ ಕಟ್ಟಲು ಇಟ್ಟುಕೊಳ್ಳಿ.

ಕಾಲ್ಮಿಷನ್ ಇದ್ದರೂ ಸಾಕು. ತೆಳು ಕಾಟನ್ನಿಗೆ 14ನೇ ನಂಬರ್ ಸೂಜಿ, ಪದರ ಜಾಸ್ತಿ ಆದಾಗ 16. ಹೊಲಿಗೆಯ ಉದ್ದವನ್ನು ಸ್ವಲ್ಪ ಹೆಚ್ಚಿಸಿ. ಮಾಮೂಲಿ ರವಿಕೆಗೆ ಇಡುವ ಸಣ್ಣ ಹೊಲಿಗೆ ಇಟ್ಟರೆ ದಪ್ಪ ಬಟ್ಟೆ ಸುಕ್ಕಾಗುತ್ತದೆ. ಕಷ್ಟ ಅನ್ನಿಸುವುದು ಹೊಲಿಗೆ ಅಲ್ಲ, ಬೊಂತೆಯ ಭಾರ. ಅದನ್ನು ಚಾಪೆಯ ಹಾಗೆ ಎರಡೂ ಕಡೆಯಿಂದ ಸುತ್ತಿ, ನಡುವಿನಿಂದ ಹೊಲಿಯಲು ಶುರು ಮಾಡಿ. ಪಕ್ಕದಲ್ಲಿ ಒಂದು ಕುರ್ಚಿ ಇಟ್ಟು ಮಿಕ್ಕ ಭಾರವನ್ನು ಅದರ ಮೇಲೆ ಹೊರಿಸಿ. ಇಲ್ಲದಿದ್ದರೆ ಬಟ್ಟೆ ಕೆಳಗೆ ಜಗ್ಗಿ ಸೂಜಿ ಮುರಿಯುತ್ತದೆ.

ಹಳೇ ಸೀರೆ ಎಷ್ಟು ಬೇಕು?

ಇದಕ್ಕೆ ನಾನು ಲೆಕ್ಕ ಹಾಕಿಟ್ಟಿದ್ದೇನೆ. ಒಂದು ಸೀರೆ ಸುಮಾರು ಐದೂವರೆ ಮೀಟರ್, ಅಂದರೆ 216 ಇಂಚು. ಅಗಲ 45 ಇಂಚಿನ ಹತ್ತಿರ. ಒಬ್ಬರು ಹೊದೆಯುವ ಬೊಂತೆ 60 ಇಂಚು ಅಗಲ, 90 ಇಂಚು ಉದ್ದ ಇದ್ದರೆ ಚೆನ್ನ. ಒಂದು ಸೀರೆಯಲ್ಲಿ 90 ಇಂಚಿನ ಎರಡು ತುಂಡು ಬಂದು, 36 ಇಂಚಿನಷ್ಟು ಮಿಗುತ್ತದೆ.

ಮೂರು ಸೀರೆ ತೆಗೆದುಕೊಂಡರೆ ಆರು ತುಂಡು. ನಾಲ್ಕನ್ನು ಹಾಗೇ ಇಡಿ. ಮಿಕ್ಕ ಎರಡನ್ನು ಉದ್ದುದ್ದಕ್ಕೆ 15 ಇಂಚಿನ ಪಟ್ಟಿಗಳಾಗಿ ಸೀಳಿ. ಒಂದೊಂದರಲ್ಲೂ ಮೂರು ಪಟ್ಟಿ ಸಿಗುತ್ತದೆ. ಪ್ರತಿ 45 ಇಂಚಿನ ತುಂಡಿಗೂ ಒಂದು ಪಟ್ಟಿ ಜೋಡಿಸಿದರೆ ನಾಲ್ಕು ಪದರ ತಯಾರು, ಇನ್ನೂ ಎರಡು ಪಟ್ಟಿ ಮಿಗುತ್ತದೆ. ಜೋಡಿಸಿದ ಗೆರೆಗಳು ಒಂದರ ಮೇಲೊಂದು ಬಾರದ ಹಾಗೆ ಒಂದು ಪದರದ ಪಟ್ಟಿಯನ್ನು ಎಡಕ್ಕೆ, ಮುಂದಿನದನ್ನು ಬಲಕ್ಕೆ ಹಾಕಿ. ಮೈಸೂರಿನ ಚಳಿಗೆ ನಾಲ್ಕು ಪದರ ಸಾಕು. ಕೊಡಗಿಗೆ ಮದುವೆಯಾಗಿ ಹೋದ ಮಗಳಿಗಾದರೆ ಆರು ಹಾಕಿ.

ಒಂದು ಎಚ್ಚರಿಕೆ. ಸೀರೆಯಲ್ಲಿ ಕುಳಿತಲ್ಲಿ, ಮಂಡಿ ಹತ್ತಿರ ಸವೆದಿರುತ್ತದೆ. ಬೆಳಕಿಗೆ ಹಿಡಿದು ನೋಡಿ. ಕೈಬೆರಳು ಕಾಣುವಷ್ಟು ತೆಳುವಾದ ಜಾಗವನ್ನು ಒಳಪದರಕ್ಕೆ ಹಾಕಿ, ಮೇಲಕ್ಕೆ ಬೇಡ.

ಬೀರುವಿನ ತುಂಬ ರವಿಕೆ ಕಣ ಇದೆ. ಅದನ್ನು ಬಳಸಬಹುದಾ?

ಈ ಪ್ರಶ್ನೆ ಕೇಳದ ಮೈಸೂರಿನ ಮನೆ ಇಲ್ಲ. ವರಮಹಾಲಕ್ಷ್ಮಿಗೆ ಬಂದದ್ದು, ಗೌರಿ ಬಾಗಿನದ್ದು, ದಸರಾ ಬೊಂಬೆ ನೋಡಲು ಹೋದಾಗ ಕೊಟ್ಟದ್ದು. ನಮ್ಮ ಮನೆಯಿಂದ ಹೋದ ಒಂದು ನೇರಳೆ ಕಣ ನಾಲ್ಕು ವರ್ಷ ಊರೆಲ್ಲ ಸುತ್ತಿ ಮತ್ತೆ ನಮ್ಮ ಮನೆಗೇ ಬಂತು. ನಮ್ಮತ್ತೆ ಗುರುತು ಹಿಡಿದರು.

ಬಳಸಬಹುದು, ಆದರೆ ಕಾಟನ್ ಹೌದಾ ಅಂತ ನೋಡಿಕೊಂಡು. ಅಂಚಿನಿಂದ ನಾಲ್ಕು ಎಳೆ ಬಿಚ್ಚಿ, ಇಕ್ಕಳದಲ್ಲಿ ಹಿಡಿದು, ಸಿಂಕಿನ ಮೇಲೆ ಬೆಂಕಿ ತಾಗಿಸಿ. ಕಾಗದ ಸುಟ್ಟ ವಾಸನೆ ಬಂದು ಬೂದಿ ಮೆತ್ತಗೆ ಉದುರಿದರೆ ಹತ್ತಿ. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್. ಕೂದಲು ಸುಟ್ಟ ವಾಸನೆ ಬಂದರೆ ರೇಷ್ಮೆ ಅಥವಾ ಉಣ್ಣೆ. ಬೂದಿಯೂ ಬಂದು ಮಣಿಯೂ ಸಿಕ್ಕರೆ ಮಿಶ್ರ. ಮಿಶ್ರದ್ದೂ ಪಾಲಿಯೆಸ್ಟರ್ದೂ ಚೀಲ ಹೊಲಿಯಲು ಇಟ್ಟುಕೊಳ್ಳಿ. ಹೊದಿಕೆಗೆ ಹತ್ತಿಯೇ ಬೇಕು, ಬೆವರು ಹೀರಬೇಕಲ್ವಾ.

ಚೌಕದ ಕ್ವಿಲ್ಟ್ ಮಾಡಬೇಕು. ಎಷ್ಟು ಚೌಕ?

ಮಗುವನ್ನು ನೆಲದ ಮೇಲೆ ಆಡಿಸುವ ಹಾಸು ಅಂದುಕೊಳ್ಳಿ. ಐದಿಂಚಿನ ಚೌಕ ಕತ್ತರಿಸಿ. ನಾಲ್ಕೂ ಕಡೆ ಕಾಲು ಇಂಚು ಹೊಲಿಗೆಗೆ ಹೋದರೆ ಉಳಿಯುವುದು ನಾಲ್ಕೂವರೆ ಇಂಚು. ಅಡ್ಡಕ್ಕೆ 8, ಉದ್ದಕ್ಕೆ 10, ಒಟ್ಟು 80 ಚೌಕ. ಹೊಲಿದ ಮೇಲೆ ಸರಿಯಾಗಿ 36 ಇಂಚು ಅಗಲ, 45 ಇಂಚು ಉದ್ದ. ಒಂದು ದೊಡ್ಡ ರವಿಕೆ ಕಣದಲ್ಲೇ ಸುಮಾರು 40 ಚೌಕ ಬರುತ್ತದೆ. ಆದರೂ ಎಂಟು ಹತ್ತು ಬಗೆಯ ಬಟ್ಟೆ ಸೇರಿಸಿ, ನೋಡಲು ಚೆನ್ನ.

ಇಲ್ಲಿ ಎಲ್ಲರೂ ಎಡವುವುದು ಆ ಕಾಲು ಇಂಚಿನಲ್ಲಿ. ಒಂದೊಂದು ಜೋಡಣೆಯಲ್ಲಿ ಅರ್ಧಪಾವು ಇಂಚು, ಅಂದರೆ ಇಂಚಿನ ಎಂಟರಲ್ಲಿ ಒಂದು ಭಾಗ ಆಚೀಚೆ ಆದರೂ, ಏಳು ಜೋಡಣೆ ಮುಗಿಯುವಷ್ಟರಲ್ಲಿ ಹತ್ತಿರ ಹತ್ತಿರ ಒಂದು ಇಂಚು ತಪ್ಪಿರುತ್ತದೆ. ಆಮೇಲೆ ಒಂದು ಸಾಲಿಗೂ ಇನ್ನೊಂದು ಸಾಲಿಗೂ ಮೂಲೆ ಕೂಡುವುದಿಲ್ಲ. ಮಿಷನ್ನಿನ ತಟ್ಟೆಯ ಮೇಲೆ, ಸೂಜಿಯಿಂದ ಕಾಲು ಇಂಚು ದೂರಕ್ಕೆ ಒಂದು ಬಣ್ಣದ ಟೇಪು ಅಂಟಿಸಿ, ಬಟ್ಟೆಯ ಅಂಚು ಅದಕ್ಕೆ ತಾಗುವ ಹಾಗೆ ಓಡಿಸಿ. ನಮ್ಮ ಗಾರ್ಮೆಂಟ್ಸ್ ಅಕ್ಕ ಟೇಪು ಗೀಪು ಏನೂ ಇಲ್ಲದೆ, ಮಾತಾಡುತ್ತಲೇ ನೇರ ಹೊಲಿಯುತ್ತಾರೆ. ದಿನಕ್ಕೆ ನೂರಾರು ಶರ್ಟಿನ ಕಾಲರ್ ಹೊಲಿದ ಕೈ ಅದು. ಅದನ್ನು ನೋಡಿ ಬೇಜಾರು ಮಾಡಿಕೊಳ್ಳಬೇಡಿ.

ಒಂದು ಸಾಲು ಮುಗಿದಾಗ ಹೊಲಿಗೆಯ ಒಳಮಡಿಕೆಯನ್ನು ಎಡಕ್ಕೆ ಇಸ್ತ್ರಿ ಮಾಡಿ. ಮುಂದಿನ ಸಾಲಿನದ್ದು ಬಲಕ್ಕೆ. ಎರಡು ಸಾಲು ಸೇರಿಸುವಾಗ ಮೂಲೆಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ.

ಹೊಸ ಬಟ್ಟೆಯನ್ನು ಒಗೆದೇ ಹೊಲಿಯಬೇಕಾ?

ಹೌದು. ಹೊಸ ಕಾಟನ್ ಮೊದಲ ಒಗೆತಕ್ಕೆ ಕುಗ್ಗುತ್ತದೆ. ಒಂದು ಬಟ್ಟೆ ಕುಗ್ಗಿ, ಪಕ್ಕದ್ದು ಕುಗ್ಗದಿದ್ದರೆ ಸುಕ್ಕು ಎದ್ದು ಕಾಣುತ್ತದೆ. ಅದಕ್ಕಿಂತ ದೊಡ್ಡ ಕಾಟ ಬಣ್ಣ. ನನ್ನ ಮೊದಲ ಕ್ವಿಲ್ಟಿನಲ್ಲಿ ಕುಂಕುಮ ಬಣ್ಣದ ನಾಲ್ಕು ಚೌಕ ಇದ್ದವು. ಮಿಕ್ಕಿದ್ದೆಲ್ಲ ಬಿಳಿ. ಮೊದಲ ಸಲ ನೆನೆಹಾಕಿ ತೆಗೆದಾಗ ಓಕುಳಿ ಆಡಿ ಬಂದ ಹಾಗಿತ್ತು. ನಾದಿನಿಯ ಮಗುವಿಗೆ ಅಂತ ಹೊಲಿದದ್ದು. ಕೊನೆಗೆ ಅದು ನಮ್ಮ ಸ್ಕೂಟರಿನ ಮೇಲೆ ಹೊದಿಸುವ ಬಟ್ಟೆ ಆಯಿತು.

ಉಪ್ಪು ಹಾಕಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಬಣ್ಣ ಹಾಕುವ ಹೊತ್ತಿನಲ್ಲಿ ಉಪ್ಪು ಕೆಲಸ ಮಾಡುತ್ತದೆ, ಆಮೇಲೆ ಮನೆಯಲ್ಲಿ ನೆನೆಸಿದರೆ ಬಿಡುವ ಬಣ್ಣ ಬಿಟ್ಟೇ ಬಿಡುತ್ತದೆ. ಕೆಂಪು, ಕಡುನೀಲಿ, ಮರೂನ್ ಬಟ್ಟೆಗಳನ್ನು ನೀರು ತಿಳಿಯಾಗುವ ತನಕ ಬೇರೆಬೇರೆ ಒಗೆಯಿರಿ. ಕೊನೆಗೆ ಒದ್ದೆ ಬಟ್ಟೆಯನ್ನು ಬಿಳಿ ಕರವಸ್ತ್ರದ ಮೇಲಿಟ್ಟು ಒತ್ತಿ. ಕಲೆ ಬಿದ್ದರೆ ಆ ಬಟ್ಟೆಯ ಆಸೆ ಬಿಡಿ.

ನಡುವೆ ಏನು ತುಂಬಿಸಬೇಕು?

ಹಳೇ ಪಂಚೆ, ಹಳೇ ಕಾಟನ್ ಬೆಡ್‌ಶೀಟ್, ಸವೆದ ತೆಳು ಕಂಬಳಿ, ಯಾವುದಾದರೂ ಸರಿ. ಅಂಗಡಿಯಲ್ಲಿ ಸಿಗುವ ಪಾಲಿಯೆಸ್ಟರ್ ಹಾಳೆಯನ್ನು ಜಿಎಸ್‌ಎಂ ಲೆಕ್ಕದಲ್ಲಿ, ಅಂದರೆ ಒಂದು ಚದರ ಮೀಟರ್ ಹಾಳೆ ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕದಲ್ಲಿ ಕೊಡುತ್ತಾರೆ. ನಮ್ಮ ಊರಿಗೆ 100 ಜಿಎಸ್‌ಎಂ ಧಾರಾಳ. ಹಗುರ, ಬೇಗ ಒಣಗುತ್ತದೆ. ಆದರೆ ಬೆಂಕಿ ಹತ್ತಿರ ಒಳ್ಳೆಯದಲ್ಲ, ಬೇಸಿಗೆಯಲ್ಲಿ ಸೆಖೆ.

ಬೂರುಗದ ಹತ್ತಿ ಬೇಡ. ದಿಂಬಿಗೆ ಅದರಂಥದ್ದು ಇನ್ನೊಂದಿಲ್ಲ. ಹೊದಿಕೆಯಲ್ಲಿ ಮಾತ್ರ ಜಾರಿ ಜಾರಿ ಒಂದು ಮೂಲೆ ಸೇರಿಕೊಳ್ಳುತ್ತದೆ.

ಬಿಡಿ ಹತ್ತಿ ತುಂಬಿಸುವುದಾದರೆ ಹೊಲಿಗೆಯ ಸಾಲು ಹತ್ತಿರ ಹತ್ತಿರ ಇರಬೇಕು. ಹಳೇ ಬೊಂತೆಯಲ್ಲಿ ಸಾಲಿನಿಂದ ಸಾಲಿಗೆ ಎರಡು ಬೆರಳು ಬಿಡುತ್ತಿದ್ದರು. ಅಷ್ಟು ಹೊಲಿದರೆ ಒಳಗಿನ ಪದರ ಹರಿದರೂ ಜಾಗ ಬಿಟ್ಟು ಕದಲುವುದಿಲ್ಲ.

ಪದರಗಳು ಜಾರುತ್ತವಲ್ಲ?

ನೆಲ ಒರೆಸಿ, ಅಸ್ತರನ್ನು ಹಾಸಿ, ನಾಲ್ಕೂ ಕಡೆ ಟೇಪಿನಿಂದ ನೆಲಕ್ಕೆ ಅಂಟಿಸಿ. ಮೇಲೆ ಮಿಕ್ಕ ಪದರ. ನಡುವಿನಿಂದ ಹೊರಕ್ಕೆ ಕೈಯಲ್ಲಿ ಸವರಿ, ಒಂದು ಗೇಣಿಗೊಂದರಂತೆ ಕಚ್ಚಾ ಹೊಲಿಗೆ ಹಾಕಿ. ಬೇರೆ ಬಣ್ಣದ ದಾರ ಬಳಸಿದರೆ ಆಮೇಲೆ ಬಿಚ್ಚಲು ಸುಲಭ. ಬೆನ್ನು ನೋಯುತ್ತದೆ. ಬೇರೆ ದಾರಿ ಇಲ್ಲ. ಊಟದ ಮೇಜಿನ ಮೇಲೆ ಮಾಡಬಹುದು ಅಂತ ಹುಡುಗಿಯರು ತೋರಿಸಿಕೊಟ್ಟರು, ಬೊಂತೆ ಚಿಕ್ಕದಾದರೆ ಅದು ಸರಿ.

ಹುಟ್ಟುವ ಮಗುವಿಗೆ ಮೊದಲೇ ಹೊಲಿದಿಡಬಹುದಾ?

ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಹೆರಿಗೆಗೆ ಮುಂಚೆ ಮಗುವಿನ ಬಟ್ಟೆ ತರುವುದಿಲ್ಲ, ಹೊಲಿಯುವುದೂ ಇಲ್ಲ. ನಿಮಗೆ ನಂಬಿಕೆ ಇದೆಯೋ ಇಲ್ಲವೋ ಬೇರೆ ಮಾತು, ಬಾಣಂತಿಯ ಮನೆಯವರಿಗೆ ಇದ್ದರೆ ಅವರ ಮನಸ್ಸು ನೋಯಿಸುವುದು ಯಾಕೆ? ನಾನು ಬಟ್ಟೆ ಒಗೆದು, ಕತ್ತರಿಸಿ, ಡಬ್ಬದಲ್ಲಿ ಇಟ್ಟಿರುತ್ತೇನೆ. ಮಗು ಹುಟ್ಟಿತು ಅಂತ ಫೋನ್ ಬಂದ ಮೇಲೆ ಹೊಲಿಗೆ. ತೊಟ್ಟಿಲು ಶಾಸ್ತ್ರಕ್ಕೆ ಮುಗಿದಿರುತ್ತದೆ.

ಇನ್ನೊಂದು ಮುಖ್ಯ ವಿಷಯ. ಒಂದು ವರ್ಷದೊಳಗಿನ ಮಗು ಮಲಗಿರುವಾಗ ಅದರ ಹತ್ತಿರ ಸಡಿಲವಾದ ಹೊದಿಕೆ, ದಿಂಬು ಇಡಬೇಡಿ ಅಂತ ಮಕ್ಕಳ ಡಾಕ್ಟರುಗಳು ಹೇಳುತ್ತಾರೆ. ಮುಖದ ಮೇಲೆ ಬಂದರೆ ಮಗುವಿಗೆ ಸರಿಸಿಕೊಳ್ಳಲು ಆಗುವುದಿಲ್ಲ, ಉಸಿರು ಕಟ್ಟುತ್ತದೆ. ಹಾಗಾಗಿ ನಾವು ಪುಟ್ಟ ಮಗುವಿಗೆ ಕೊಡುವ ಕ್ವಿಲ್ಟು ನೆಲಕ್ಕೆ ಹಾಸಿ, ದೊಡ್ಡವರು ಎದುರಿಗೆ ಕೂತು ಆಡಿಸಲು. ಕೊಡುವಾಗ ಬಾಯಿಬಿಟ್ಟು ಹೇಳುತ್ತೇವೆ. ರಾಗಿ ದಿಂಬು ಹೊಲಿದುಕೊಡಿ ಅಂತ ಅಜ್ಜಿಯರು ಕೇಳುತ್ತಾರೆ. ನಾನು ಹೊಲಿಯುವುದಿಲ್ಲ. ಆ ಜಗಳದಲ್ಲಿ ನಮ್ಮತ್ತೆ ಇನ್ನೂ ಸೋತಿಲ್ಲ, ನಾನೂ ಸೋತಿಲ್ಲ.

ಕುಲಾವಿ ಹೊಲಿಯುವುದು ಕಷ್ಟಾನಾ?

ಸುಲಭ, ಒಂದು ಮಧ್ಯಾಹ್ನದ ಕೆಲಸ. ಹಳೇ ಮೆತ್ತನೆಯ ಪಂಚೆ ಅಸ್ತರಿಗೆ, ಹೊರಗೆ ಹೂವಿನ ಚಿತ್ರದ ಕಾಟನ್. ಒಳಹೊಲಿಗೆ ಮಗುವಿನ ತಲೆಗೆ ಒತ್ತದ ಹಾಗೆ ಎರಡು ಪದರದ ನಡುವೆ ಮುಚ್ಚಿಬಿಡಿ. ಕಟ್ಟುವ ಲಾಡಿ ಗಿಡ್ಡ ಇರಲಿ, ಗದ್ದದ ಕೆಳಗೆ ಒಂದು ಗಂಟಿಗೆ ಸಾಕಾಗುವಷ್ಟು ಮಾತ್ರ. ಮಣಿ, ಗುಂಡಿ, ಮುತ್ತು ಬೇಡ, ಕಿತ್ತರೆ ನೇರ ಬಾಯಿಗೆ. ಹೊರಗೆ ಗಾಳಿಗೆ ಹೋಗುವಾಗ ಹಾಕಿ, ಮಲಗಿಸುವಾಗ ತೆಗೆಯಿರಿ.

ಹಬ್ಬಕ್ಕೆ, ಮದುವೆಗೆ ಕೊಡಲು ಏನು ಹೊಲಿಯಬಹುದು?

ತಾಂಬೂಲದ ಚೀಲ. ಕರ್ನಾಟಕದಲ್ಲಿ 2016ರಲ್ಲಿ ಪ್ಲಾಸ್ಟಿಕ್ ಚೀಲಕ್ಕೆ ನಿಷೇಧ ಬಂದ ಮೇಲೆ ಬಟ್ಟೆ ಚೀಲಕ್ಕೆ ಬೆಲೆ ಬಂದಿದೆ. ಒಂದು ತೆಂಗಿನಕಾಯಿ, ಎಲೆ ಅಡಿಕೆ, ಬಾಳೆಹಣ್ಣು ಹಿಡಿಯುವಷ್ಟು ದೊಡ್ಡದಿರಲಿ. ತಳಕ್ಕೆ ಎರಡು ಸಲ ಹೊಲಿಗೆ. ಕಾಯಿಯ ಭಾರಕ್ಕೆ ಮೊದಲು ಬಿಚ್ಚುವುದು ಹಿಡಿಕೆಯ ಬುಡ, ಅಲ್ಲಿ ಚೌಕ ಹೊಲಿದು ಒಳಗೆ ಅಡ್ಡಗೆರೆ ಎರಡು ಹಾಕಿ.

ಸಂಕ್ರಾಂತಿಗೆ ಎಳ್ಳು ಬೀರಲು ಪುಟ್ಟ ಸಂಚಿ ಮಾಡುತ್ತೇವೆ. ಎಳ್ಳಿನ ಎಣ್ಣೆ, ಬೆಲ್ಲದ ಜಿಗುಟು ಬಟ್ಟೆಗೆ ಹತ್ತುತ್ತದೆ. ಒಳಗೆ ಬೆಣ್ಣೆ ಕಾಗದದ ಪೊಟ್ಟಣ ಇಟ್ಟು ಅದರಲ್ಲಿ ತುಂಬಿಸಿ. ದಸರಾ ಬೊಂಬೆ ಕೂರಿಸುವ ಮೆಟ್ಟಿಲಿಗೆ ಬಿಳಿ ಪಂಚೆಯ ಅಂಚಿಗೆ ಬಣ್ಣದ ಪಟ್ಟಿ ಹೊಲಿದರೆ ವರ್ಷ ವರ್ಷ ಆಗುತ್ತದೆ.

ಅಮ್ಮನ ಹಳೇ ಮೈಸೂರು ರೇಷ್ಮೆ ಸೀರೆ ಇದೆ. ಕ್ವಿಲ್ಟ್ ಮಾಡಲಾ?

ದಯವಿಟ್ಟು ದಿನಾ ಹೊದೆಯುವ ಕ್ವಿಲ್ಟ್ ಮಾಡಬೇಡಿ. 1912ರಲ್ಲಿ ಶುರುವಾದ ನಮ್ಮೂರ ರೇಷ್ಮೆ ಕಾರ್ಖಾನೆಯ ಸೀರೆಗೆ ಹೆಸರು ಬಂದಿದ್ದೇ ಆ ಜಾರುವ ಮೆತ್ತನೆಯ ನೆಯ್ಗೆಯಿಂದ, ಜರಿಯಿಂದ. ಅದೇ ಗುಣ ಹೊಲಿಯುವವರಿಗೆ ಶತ್ರು. ಕತ್ತರಿ ಹಾಕಿದ ಕೂಡಲೇ ಅಂಚು ಬಿಚ್ಚಿಕೊಳ್ಳುತ್ತದೆ. ದಿನಾ ಒಗೆದರೆ ಜರಿ ಕಪ್ಪಾಗುತ್ತದೆ, ಮಡಿಕೆಯಲ್ಲಿ ಸೀಳುತ್ತದೆ. ಚೆನ್ನಾಗಿರುವ ಸೆರಗು, ಅಂಚು ತೆಗೆದು, ಹಿಂದೆ ತೆಳು ಕಾಟನ್ ಕೊಟ್ಟು, ದಿಂಬಿನ ಕವರ್ ಅಥವಾ ದೇವರ ಪೀಠದ ಹಾಸು ಮಾಡಿ. ಅಕ್ಕತಂಗಿಯರು ಮೂವರಿದ್ದರೆ ಮೂವರಿಗೂ ಒಂದೊಂದು. ಕತ್ತರಿಸುವ ಮುಂಚೆ ಎಲ್ಲರನ್ನೂ ಕೇಳಿ. ಕೇಳದೆ ಕತ್ತರಿಸಿ ಎರಡು ವರ್ಷ ಮಾತು ಬಿಟ್ಟ ಮನೆ ನನಗೆ ಗೊತ್ತು.

ಆಶ್ರಮಕ್ಕೆ, ಆಸ್ಪತ್ರೆಗೆ ಕೊಡಬೇಕು. ಎಲ್ಲಿಂದ ಶುರು ಮಾಡಲಿ?

ಫೋನಿನಿಂದ. ಸೂಜಿಯಿಂದ ಅಲ್ಲ.

ಮೊದಮೊದಲು ನಾವು ಒಂದು ವೃದ್ಧಾಶ್ರಮಕ್ಕೆ ಹನ್ನೆರಡು ಕ್ವಿಲ್ಟ್ ಹೊಲಿದೆವು. ಒಳಗೆ ದಪ್ಪ ಪಾಲಿಯೆಸ್ಟರ್, ಹೊರಗೆ ಬಣ್ಣಬಣ್ಣದ ಚೌಕ, ನಾಲ್ಕು ತಿಂಗಳ ಕೆಲಸ. ಕೊಟ್ಟು, ಟೀ ಕುಡಿದು, ಹೆಮ್ಮೆಯಿಂದ ಬಂದೆವು. ಮುಂದಿನ ಜನವರಿಯಲ್ಲಿ ಹೋದಾಗ ಒಂದೂ ಮಂಚದ ಮೇಲೆ ಇರಲಿಲ್ಲ. ಎಲ್ಲ ಅಟ್ಟ ಸೇರಿದ್ದವು. ಅಲ್ಲಿ ಬಟ್ಟೆ ಒಗೆಯುವುದು ಒಬ್ಬರೇ ಹೆಂಗಸು, ಕೈಯಲ್ಲಿ. ಒದ್ದೆಯಾದ ಆ ಕ್ವಿಲ್ಟನ್ನು ಎತ್ತಲು ಅವರಿಗೆ ಆಗುತ್ತಿರಲಿಲ್ಲ. ವಯಸ್ಸಾದವರ ಹಾಸಿಗೆ ರಾತ್ರಿ ಒದ್ದೆಯಾಗುವುದು ಉಂಟು, ದಿನಾ ಒಗೆಯಲೇಬೇಕು. ತಪ್ಪು ಅವರದ್ದಲ್ಲ, ನಾವು ಕೇಳಿರಲಿಲ್ಲ. ಅವರಿಗೆ ನಿಜವಾಗಿ ಬೇಕಿದ್ದದ್ದು ಎರಡು ಪದರದ ತೆಳು ಹೊದಿಕೆ, ಮತ್ತು ಊಟ ಮಾಡುವಾಗ ಕತ್ತಿಗೆ ಕಟ್ಟಿಕೊಳ್ಳುವ ಬಟ್ಟೆ. ಈಗ ಅದನ್ನೇ ಹೊಲಿಯುತ್ತೇವೆ.

ಅದಾದ ಮೇಲೆ ಫೋನಿನಲ್ಲಿ ಕೇಳುವ ಪ್ರಶ್ನೆಗಳನ್ನು ಡೈರಿಯಲ್ಲಿ ಬರೆದಿಟ್ಟಿದ್ದೇನೆ. ಯಾರು ಒಗೆಯುತ್ತಾರೆ, ಕೈಯಲ್ಲೋ ಮಿಷನ್ನಿನಲ್ಲೋ? ಒಣಗಿಸಲು ಜಾಗ ಇದೆಯಾ? ಮಂಚದ ಅಳತೆ ಎಷ್ಟು? ಹಳೇ ಬಟ್ಟೆಯಿಂದ ಮಾಡಿದ್ದು ತೆಗೆದುಕೊಳ್ಳುತ್ತೀರಾ? ಎಷ್ಟು ಬೇಕು? ಮೈಸೂರಿನ ಚೆಲುವಾಂಬ ಆಸ್ಪತ್ರೆ, ಮಂಡ್ಯದ ಮಿಮ್ಸ್‌ನಂಥ ದೊಡ್ಡ ಸರ್ಕಾರಿ ಆಸ್ಪತ್ರೆಗೆ ಕೊಡುವ ಮನಸ್ಸಿದ್ದರೆ ನೇರ ವಾರ್ಡಿಗೆ ಗಂಟು ಹೊತ್ತು ಹೋಗಬೇಡಿ. ಸೋಂಕಿನ ಭಯ ಇರುತ್ತದೆ. ಮೊದಲು ಕಚೇರಿಯಲ್ಲಿ ಕೇಳಿ. ಬೇಡ ಅಂದರೆ ಬೇಜಾರು ಬೇಡ. ಹೂಂ ಅಂದರೆ ಹೊಸ ಕಾಟನ್ನೇ ಬಳಸಿ, ಬಿಸಿನೀರಿನಲ್ಲಿ ಒಗೆದು, ಬಿಸಿಲಿಗೆ ಒಣಗಿಸಿ, ಇಸ್ತ್ರಿ ಮಾಡಿ, ಮುಚ್ಚಿದ ಚೀಲದಲ್ಲಿ ಕೊಡಿ.

ಮರೆವಿನ ಕಾಯಿಲೆ ಇರುವವರಿಗೆ ಏನಾದರೂ ಹೊಲಿಯಬಹುದಾ?

ಹೊಲಿಯಬಹುದು. ತೊಡೆ ಮೇಲೆ ಹಾಸಿಕೊಳ್ಳುವ ಚಿಕ್ಕ ಹಾಸು. ಅದರ ಮೇಲೆ ಜಿಪ್, ದೊಡ್ಡ ಗುಂಡಿ, ಲಾಡಿ, ಜೇಬು, ಒರಟು ಬಟ್ಟೆ, ನುಣುಪು ಬಟ್ಟೆ. ಸುಮ್ನೆ ಕೂತಾಗ ಕೈ ಏನನ್ನೋ ಹುಡುಕುತ್ತಿರುತ್ತದೆ, ಅದಕ್ಕೆ ಕೆಲಸ. ನಮ್ಮ ಟೀಚರ್ ಅವರ ಅಣ್ಣನಿಗೆ ಹೊಲಿದದ್ದರಲ್ಲಿ ಹಳೇ ಖಾದಿ ಜುಬ್ಬದ ಜೇಬನ್ನು ಹಾಗೇ ಇಟ್ಟಿದ್ದರು. ಅವರು ದಿನಾ ಅದರಲ್ಲಿ ಕನ್ನಡಕ ಇಟ್ಟು ತೆಗೆಯುತ್ತಿದ್ದರು. ಗುಂಡಿಗಳನ್ನು ಮಾತ್ರ ಜಗ್ಗಿದರೂ ಕೀಳದ ಹಾಗೆ ಹೊಲಿಯಿರಿ.

ಸಾಮಾನು ಎಲ್ಲಿ ಸಿಗುತ್ತದೆ?

ಮೈಸೂರಿನಲ್ಲಿ ದೇವರಾಜ ಮಾರ್ಕೆಟ್, ಸಂತೇಪೇಟೆ ಸುತ್ತಿನ ಬೀದಿಗಳಲ್ಲಿ. ಮಂಡ್ಯದವರಿಗೆ ಪೇಟೆ ಬೀದಿ. ಆದರೆ ಮೊದಲು ನಿಮ್ಮ ಟೈಲರ್ ಅಂಗಡಿಗೆ ಹೋಗಿ. ಕೆಳಗೆ ಬೀಳುವ ಚೂರು ಬಟ್ಟೆಯನ್ನು ಮೂಟೆ ಕಟ್ಟಿ ಎಸೆಯುತ್ತಾರೆ, ಕೇಳಿದರೆ ಖುಷಿಯಿಂದ ಕೊಡುತ್ತಾರೆ. ದಸರಾ, ಮದುವೆ ಸೀಸನ್ನಿನಲ್ಲಿ ಮಾತ್ರ ಅವರ ತಲೆ ತಿನ್ನಬೇಡಿ.

ಸಂಜೆ ದೀಪ ಹಚ್ಚಿದ ಮೇಲೆ ಸೂಜಿ ಕೊಡಬಾರದಂತೆ, ಹೌದಾ?

ನಮ್ಮ ಮನೆಯಲ್ಲಿ ಕೊಡುವುದಿಲ್ಲ. ಕರೆಂಟಿಲ್ಲದ ಕಾಲದಲ್ಲಿ ಕತ್ತಲಲ್ಲಿ ಬಿದ್ದ ಸೂಜಿಯನ್ನು ಯಾರು ಹುಡುಕುತ್ತಿದ್ದರು ಅಂತ ನನ್ನ ಊಹೆ. ಹಗಲೇ ಇಸಿದುಕೊಳ್ಳಿ.

ಕೊಡುವ ಮುಂಚೆ ಕೊನೆಗೆ ಏನು ನೋಡಬೇಕು?

ಸೂಜಿಯ ಲೆಕ್ಕ. ಶುರು ಮಾಡುವಾಗ ಡಬ್ಬದಲ್ಲಿ ಎಷ್ಟು ಸೂಜಿ, ಎಷ್ಟು ಗುಂಡುಪಿನ್ನು ಅಂತ ಬರೆದಿಡಿ. ಮುಗಿದ ಮೇಲೆ ಎಣಿಸಿ. ಬೊಂತೆಯ ಮೇಲೆಲ್ಲ ಒಂದು ಆಯಸ್ಕಾಂತ ಓಡಿಸಿ, ಆಮೇಲೆ ಅಂಗೈಯಲ್ಲಿ ನಿಧಾನವಾಗಿ ಒತ್ತಿ ನೋಡಿ. ಲೆಕ್ಕ ಸಿಗದಿದ್ದರೆ ಆ ಬೊಂತೆ ಮನೆ ದಾಟುವ ಹಾಗಿಲ್ಲ, ಇದೊಂದೇ ನಮ್ಮ ಕಟ್ಟುನಿಟ್ಟಿನ ನಿಯಮ. ಹೋದ ಯುಗಾದಿ ಹಿಂದಿನ ಶನಿವಾರ ಹನ್ನೆರಡು ಸೂಜಿಯಲ್ಲಿ ಹನ್ನೊಂದೇ ಸಿಕ್ಕವು. ಎರಡು ಗಂಟೆ ಹುಡುಕಿದೆವು, ಅರ್ಧ ಹೊಲಿಗೆ ಬಿಚ್ಚಿದೆವು. ಕೊನೆಗೆ ನೋಡಿದರೆ ಹನ್ನೆರಡನೆಯದು ನಮ್ಮತ್ತೆಯ ಸೆರಗಿನಲ್ಲಿ ಚುಚ್ಚಿಕೊಂಡಿತ್ತು, ಎರಡು ಗೇಣು ದಾರದ ಸಮೇತ.